ಒಂದು ಕಣವೂ ಬೀಳದಂತೆ: ಕಥೋಲಿಕ ಗುರುಗಳ ಪರಮಪ್ರಸಾದ ಭಕ್ತಿ

ಕಥೋಲಿಕರ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿ (ಮಾಸ್) ಪರಮಪ್ರಸಾದವನ್ನು, ಅಂದರೆ ಪವಿತ್ರೀಕರಿಸಿದ ರೊಟ್ಟಿಯನ್ನು, ಹಂಚಿ ಮುಗಿದ ಮೇಲೆ ಎರಡು ಮೂರು ನಿಮಿಷಗಳ ಒಂದು ಕೆಲಸ ನಡೆಯುತ್ತದೆ. ವಾರ ತಪ್ಪದೆ ಚರ್ಚಿಗೆ ಹೋಗುವವರೂ ಅದನ್ನು ಹೆಚ್ಚಾಗಿ ಗಮನಿಸುವುದಿಲ್ಲ, ಏಕೆಂದರೆ ಆಗ ಗಾಯನವೃಂದ ಹಾಡುತ್ತಿರುತ್ತದೆ, ಜನರು ತಮ್ಮ ತಮ್ಮ ಜಾಗಕ್ಕೆ ಹಿಂದಿರುಗಿ ಮೊಣಕಾಲೂರಿ ಕಣ್ಣು ಮುಚ್ಚಿರುತ್ತಾರೆ. ಗುರುಗಳು (ಪಾದ್ರಿಗಳು) ಬಲಿಪೀಠದ ಬದಿಗೆ ನಿಂತು, ರೊಟ್ಟಿಯನ್ನು ಇಟ್ಟಿದ್ದ ತಟ್ಟೆಯನ್ನು ಪಾನಪಾತ್ರೆಯ ಮೇಲೆ ಓರೆಯಾಗಿ ಹಿಡಿದು, ಅದರಲ್ಲಿ ಉಳಿದಿರಬಹುದಾದ ಪುಡಿಯನ್ನು ಪಾತ್ರೆಯೊಳಕ್ಕೆ ಸರಿಸುತ್ತಾರೆ. ಬೆರಳಿಗೆ ಏನಾದರೂ ಅಂಟಿಕೊಂಡಿದ್ದರೆ ಅದನ್ನೂ ಉಜ್ಜಿ ಬೀಳಿಸುತ್ತಾರೆ. ಪಾತ್ರೆಗೆ ನೀರು ಹಾಕಿಸಿಕೊಂಡು, ಒಳಗೋಡೆಗೆಲ್ಲ ತಾಗುವಂತೆ ಆಡಿಸಿ, ಆ ನೀರನ್ನು ತಾವೇ ಕುಡಿದು, ಆಮೇಲೆ ಬಿಳಿ ಬಟ್ಟೆಯಿಂದ ಒರೆಸಿ ಇಡುತ್ತಾರೆ. ಇಷ್ಟನ್ನು ಮಾಡುವಾಗ ಅವರ ತುಟಿಗಳು ಅಲುಗುತ್ತಿರುತ್ತವೆ: ಬಾಯಿಂದ ಸ್ವೀಕರಿಸಿದ್ದನ್ನು ಶುದ್ಧ ಮನಸ್ಸಿನಿಂದ ಉಳಿಸಿಕೊಳ್ಳುವಂತಾಗಲಿ ಎಂಬ ಪುಟ್ಟ ಪ್ರಾರ್ಥನೆ ಅದು.

ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವರ್ಷಗಟ್ಟಲೆ ಓದಿ, ನೂರಾರು ಕುಟುಂಬಗಳ ಹೊಣೆ ಹೊತ್ತ ವ್ಯಕ್ತಿಯೊಬ್ಬರು ಕಣ್ಣಿಗೆ ಸರಿಯಾಗಿ ಕಾಣದ ಒಂದು ಚೂರಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವುದೇಕೆ? ಬೆಂಗಳೂರಿನಲ್ಲಿ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ಸೆಪ್ಟೆಂಬರ್ 8ರ ಹಬ್ಬದ ದಿನ, ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರಗಳಂದು ಬರುವವರಲ್ಲಿ ಕ್ರೈಸ್ತರಲ್ಲದವರೂ ಅನೇಕರು. ಅವರು ಮೇಣದ ಬತ್ತಿ ಹಚ್ಚುತ್ತಾರೆ, ಹರಕೆ ಹೊರುತ್ತಾರೆ, ಪೂಜೆ ನಡೆಯುತ್ತಿದ್ದರೆ ನಿಂತು ನೋಡುತ್ತಾರೆ, ಆದರೆ ಬಲಿಪೀಠದ ಮೇಲೆ ನಡೆಯುವುದರ ಅರ್ಥವನ್ನು ಅವರಿಗೆ ಬಿಡಿಸಿ ಹೇಳುವವರು ಕಡಿಮೆ. ಅವರಿಗಾಗಿ, ಹಾಗೆಯೇ ಹುಟ್ಟಿನಿಂದ ಕಥೋಲಿಕರಾಗಿದ್ದೂ ಇದನ್ನು ವಿಚಾರಿಸಿ ನೋಡದವರಿಗಾಗಿ ಈ ಬರಹ.

ಯೇಸುಕ್ರಿಸ್ತರು ಶಿಲುಬೆಯ ಮರಣಕ್ಕೆ ಒಳಗಾಗುವ ಹಿಂದಿನ ರಾತ್ರಿ ಶಿಷ್ಯರೊಂದಿಗೆ ಕಡೆಯ ಊಟಕ್ಕೆ ಕುಳಿತರು. ರೊಟ್ಟಿಯನ್ನು ತೆಗೆದುಕೊಂಡು, ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು, "ಇದು ನನ್ನ ಶರೀರ" ಎಂದು ಅವರಿಗೆ ಕೊಟ್ಟರು. ದ್ರಾಕ್ಷಾರಸದ ಪಾತ್ರೆಯನ್ನೂ ಹಾಗೆಯೇ ಕೊಟ್ಟು ಅದು ತಮ್ಮ ರಕ್ತವೆಂದರು. ತಮ್ಮ ಸ್ಮರಣೆಗಾಗಿ ಇದನ್ನು ಮಾಡುತ್ತಿರಬೇಕೆಂದು ಆಜ್ಞಾಪಿಸಿದರು. ಮತ್ತಾಯ, ಮಾರ್ಕ, ಲೂಕರ ಶುಭಸಂದೇಶಗಳಲ್ಲಿ, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲಿನ ಗ್ರಂಥಗಳಲ್ಲಿ, ಈ ಪ್ರಸಂಗವಿದೆ. ಅವುಗಳಿಗೂ ಮೊದಲೇ, ಸುಮಾರು ಕ್ರಿ.ಶ. 55ರ ಹೊತ್ತಿಗೆ, ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೇ ಅಧ್ಯಾಯದಲ್ಲಿ ಇದನ್ನು ತಾವು ಪಡೆದು ಒಪ್ಪಿಸುತ್ತಿರುವ ಪರಂಪರೆಯೆಂದು ದಾಖಲಿಸಿದ್ದಾರೆ. ಅಲ್ಲಿಯೇ ಒಂದು ಕಟುವಾದ ಎಚ್ಚರಿಕೆಯೂ ಇದೆ: ಅಯೋಗ್ಯವಾಗಿ ಈ ರೊಟ್ಟಿಯನ್ನು ತಿನ್ನುವವನು, ಈ ಪಾತ್ರೆಯಿಂದ ಕುಡಿಯುವವನು ಪ್ರಭುವಿನ ಶರೀರಕ್ಕೂ ರಕ್ತಕ್ಕೂ ದ್ರೋಹ ಬಗೆದವನಾಗುತ್ತಾನೆ. ಬರಿಯ ನೆನಪಿನ ಊಟವೊಂದರ ಬಗ್ಗೆ ಯಾರೂ ಇಂಥ ಮಾತನ್ನು ಬರೆಯುವುದಿಲ್ಲ ಎಂಬುದು ಕಥೋಲಿಕರ ವಾದ, ಮತ್ತು ನನಗೆ ಅದು ಬಲವಾದ ವಾದವೆಂದೇ ತೋರುತ್ತದೆ.

ಯೊವಾನ್ನರ ಶುಭಸಂದೇಶದ ಆರನೇ ಅಧ್ಯಾಯ ಇನ್ನೂ ಸ್ಪಷ್ಟವಾಗಿದೆ. ತಮ್ಮ ಮಾಂಸವು ನಿಜವಾದ ಆಹಾರ, ರಕ್ತವು ನಿಜವಾದ ಪಾನ ಎಂದು ಯೇಸು ಹೇಳಿದಾಗ, ಇದು ಕಠಿಣವಾದ ಮಾತು, ಇದನ್ನು ಯಾರು ಕೇಳಿಯಾರು ಎಂದು ಗೊಣಗುತ್ತ ಶಿಷ್ಯರಲ್ಲೇ ಅನೇಕರು ಅವರನ್ನು ಬಿಟ್ಟು ಹೋದರು. ತಾವು ಉಪಮೆಯಾಗಿ ಹೇಳಿದ್ದೆಂದು ಸಮಾಧಾನ ಮಾಡಿ ಯೇಸು ಅವರನ್ನು ಹಿಂದಕ್ಕೆ ಕರೆಯಲಿಲ್ಲ. ಉಳಿದ ಹನ್ನೆರಡು ಮಂದಿಯ ಕಡೆಗೆ ತಿರುಗಿ, ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದರು.

ಈ ನಂಬಿಕೆಗೆ ಶಾಸ್ತ್ರದ ಭಾಷೆ ದೊರೆತದ್ದು ನಿಧಾನವಾಗಿ. ಧರ್ಮಾಧ್ಯಕ್ಷರು (ಬಿಷಪ್ಪರು) ಸೇರಿದ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ರೊಟ್ಟಿ ಮತ್ತು ದ್ರಾಕ್ಷಾರಸಗಳು ತಮ್ಮ ಮೂಲತತ್ವದಲ್ಲಿಯೇ ಕ್ರಿಸ್ತರ ಶರೀರ ಮತ್ತು ರಕ್ತಗಳಾಗಿ ಬದಲಾಗುತ್ತವೆ ಎಂದು ಘೋಷಿಸಿತು. ಅದೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನ ಪರಿಭಾಷೆಯನ್ನು ಬಳಸಿ ಅದನ್ನು ವಿವರಿಸಿದರು. 1551ರಲ್ಲಿ ಟ್ರೆಂಟ್ ಮಹಾಸಭೆ ಅದನ್ನೇ ಮತ್ತೆ ದೃಢಪಡಿಸಿತು. ಅಕ್ವಿನಾಸರ ವಿವರಣೆಯ ತಿರುಳು ಇಷ್ಟು: ಪ್ರತಿಯೊಂದು ವಸ್ತುವಿಗೂ ಅದು ಏನು ಎಂಬ ಒಳಗಿನ ಸತ್ವವೊಂದಿದೆ, ಬಣ್ಣ, ರುಚಿ, ಆಕಾರ, ತೂಕ ಮೊದಲಾದ ಹೊರಗಿನ ಗುಣಗಳೂ ಇವೆ. ಹಾಲು ಮೊಸರಾದಾಗ ರುಚಿ, ವಾಸನೆ, ಗಟ್ಟಿತನ ಎಲ್ಲವೂ ಬದಲಾಗಿ ಆ ಬದಲಾವಣೆಯನ್ನು ನಾಲಿಗೆಯೇ ಹೇಳಿಬಿಡುತ್ತದೆ. ಪರಮಪ್ರಸಾದದಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗಾದದ್ದು. ಹೊರಗಿನ ಗುಣಗಳಲ್ಲಿ ಒಂದೂ ಬದಲಾಗುವುದಿಲ್ಲ, ಸತ್ವ ಮಾತ್ರ ಪೂರ್ತಿಯಾಗಿ ಬದಲಾಗುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಗೋಧಿಯೇ ಸಿಗುತ್ತದೆ, ಅದರಲ್ಲಿ ಕಥೋಲಿಕರಿಗೆ ಅಚ್ಚರಿಯೇನೂ ಇಲ್ಲ. ಕಥೋಲಿಕ ಸಭೆ (ಚರ್ಚ್ ಎಂಬ ಸಂಸ್ಥೆ) ಹೇಳುತ್ತಿರುವುದು ಪರೀಕ್ಷೆಗೆ ಸಿಗುವ ಗುಣಗಳ ಬಗ್ಗೆ ಅಲ್ಲವೇ ಅಲ್ಲ.

ಇದೇ ಊರಿನಲ್ಲಿರುವ ಪ್ರೊಟೆಸ್ಟಂಟ್ ಸಭೆಗಳವರು ಪ್ರಭುಭೋಜನವನ್ನು ಬೇರೆ ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಕೆಲವರು ಕ್ರಿಸ್ತರ ಆತ್ಮಿಕ ಸಾನ್ನಿಧ್ಯವನ್ನು ಒಪ್ಪುತ್ತಾರೆ, ಕೆಲವರಿಗೆ ಅದು ಸ್ಮರಣೆ. ಆ ಚರ್ಚೆ ಇಲ್ಲಿ ಬೇಡ. ಕಥೋಲಿಕ ಗುರುವಿನ ನಡವಳಿಕೆ ಅರ್ಥವಾಗಬೇಕಾದರೆ ಅವರು ಏನನ್ನು ನಂಬಿದ್ದಾರೆ ಎಂಬುದು ತಿಳಿದಿದ್ದರೆ ಸಾಕು: ತಮ್ಮ ಕೈಯಲ್ಲಿರುವುದು ಕ್ರಿಸ್ತರ ಚಿಹ್ನೆಯಷ್ಟೇ ಅಲ್ಲ, ಕ್ರಿಸ್ತರೇ.

ಈಗ ಗುರುವಿನ ಸ್ಥಾನಕ್ಕೆ ಬರೋಣ. ಬಲಿಪೂಜೆಯ ಬಹುಭಾಗದಲ್ಲಿ ಗುರುಗಳು ಸಭೆಯ ಪರವಾಗಿ "ನಾವು" ಎಂದೇ ಮಾತನಾಡುತ್ತಾರೆ: ನಾವು ಪ್ರಾರ್ಥಿಸುತ್ತೇವೆ, ನಾವು ಅರ್ಪಿಸುತ್ತೇವೆ. ಕಡೆಯ ಭೋಜನದ ಪ್ರಸಂಗವನ್ನು ಹೇಳುತ್ತಾ ಹೋಗಿ, ರೊಟ್ಟಿಯನ್ನು ಕೈಗೆತ್ತಿಕೊಂಡಾಗ ಮಾತ್ರ ಅವರು "ಇದು ಯೇಸುವಿನ ಶರೀರ" ಎನ್ನುವುದಿಲ್ಲ, "ಇದು ನನ್ನ ಶರೀರ" ಎನ್ನುತ್ತಾರೆ. ಆ ಗಳಿಗೆಯಲ್ಲಿ ಮಾತನಾಡುವವರು ಕ್ರಿಸ್ತರು, ಗುರು ಅವರಿಗೆ ಕಂಠವನ್ನೂ ಕೈಗಳನ್ನೂ ಒದಗಿಸುತ್ತಾರೆ ಎಂಬುದು ಸಭೆಯ ಬೋಧನೆ. ಗುರುದೀಕ್ಷೆಯಲ್ಲಿ ಧರ್ಮಾಧ್ಯಕ್ಷರು ಅಭ್ಯರ್ಥಿಯ ಅಂಗೈಗಳಿಗೆ ಪವಿತ್ರ ತೈಲವನ್ನು ಹಚ್ಚಿ, ರೊಟ್ಟಿಯಿರುವ ತಟ್ಟೆಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಅವರ ಕೈಗಿಟ್ಟು, ನೀನು ಮಾಡುವುದೇನೆಂದು ಅರಿತುಕೋ, ಆಚರಿಸುವುದನ್ನು ಅನುಸರಿಸು, ಪ್ರಭುವಿನ ಶಿಲುಬೆಯ ರಹಸ್ಯಕ್ಕೆ ನಿನ್ನ ಬದುಕನ್ನು ಹೊಂದಿಸಿಕೋ ಎಂದು ಹೇಳುತ್ತಾರೆ. ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲಿಯೂ ನಗರದ ಇತರ ಗುರುಮಠಗಳಲ್ಲಿಯೂ ನಡೆಯುವ ಅಷ್ಟು ವರ್ಷಗಳ ಶಿಕ್ಷಣ ಕಡೆಗೆ ಬಂದು ನಿಲ್ಲುವುದು ಈ ವಾಕ್ಯದಲ್ಲಿ.

ಆದರೆ ಗುರು ಯೋಗ್ಯನಲ್ಲದಿದ್ದರೆ? ಈ ಪ್ರಶ್ನೆ ನಾಲ್ಕನೆಯ ಶತಮಾನದಲ್ಲಿಯೇ ಉತ್ತರ ಆಫ್ರಿಕಾದ ಸಭೆಯನ್ನು ಸೀಳಿತ್ತು. ಹಿಂಸೆಯ ಕಾಲದಲ್ಲಿ ಹೆದರಿ ನಂಬಿಕೆಗೆ ದ್ರೋಹ ಬಗೆದ ಗುರುಗಳು ನೆರವೇರಿಸಿದ ಸಂಸ್ಕಾರಗಳು ಸಲ್ಲವೆಂದು ಡೊನಾಟಿಸ್ಟರು ಹಟ ಹಿಡಿದರು. ಸಂತ ಅಗಸ್ಟೀನರ ಉತ್ತರ, ಪೇತ್ರ ದೀಕ್ಷಾಸ್ನಾನ (ಕ್ರೈಸ್ತನಾಗಿಸುವ ಸಂಸ್ಕಾರ) ಕೊಟ್ಟರೂ ಕೊಡುವವರು ಕ್ರಿಸ್ತರೇ, ಯೇಸುವಿಗೆ ದ್ರೋಹ ಬಗೆದ ಯೂದ ಕೊಟ್ಟರೂ ಕೊಡುವವರು ಕ್ರಿಸ್ತರೇ ಎಂಬುದು. ಸಭೆ ಈ ನಿಲುವನ್ನೇ ಒಪ್ಪಿಕೊಂಡಿತು. ಗುರು ಎಷ್ಟೇ ದುರ್ಬಲರಾಗಿದ್ದರೂ, ವಿಧಿಬದ್ಧವಾಗಿ ದೀಕ್ಷೆ ಪಡೆದು, ಸಭೆಯ ಉದ್ದೇಶದಿಂದ ಬಲಿಪೂಜೆಯನ್ನು ಅರ್ಪಿಸಿದರೆ ಜನರಿಗೆ ಸಿಗುವುದು ಕ್ರಿಸ್ತರ ಶರೀರವೇ, ಅದರಲ್ಲಿ ಕೊರತೆಯಾಗುವುದಿಲ್ಲ.

ಈ ಸಿದ್ಧಾಂತ ಗುರುವಿಗೆ ಉದಾಸೀನತೆಯ ಪರವಾನಗಿ ಕೊಡುತ್ತದೆಯೆಂದು ಮೇಲುನೋಟಕ್ಕೆ ಅನಿಸಬಹುದು. ನನ್ನ ತಿಳಿವಳಿಕೆಯಲ್ಲಿ ಅದರ ಪರಿಣಾಮ ನೇರ ವಿರುದ್ಧವಾದದ್ದು, ಮತ್ತು ಗುರುವಿನ ಭಕ್ತಿಯ ಬೀಗದಕೈ ಇಲ್ಲಿಯೇ ಇದೆ. ತನ್ನ ತಪಸ್ಸಿನಿಂದ ರೊಟ್ಟಿ ಪವಿತ್ರವಾಗುತ್ತದೆಂದು ನಂಬಿದವನು ತನ್ನ ತಪಸ್ಸನ್ನೇ ನೋಡಿಕೊಳ್ಳುತ್ತ ಕೂಡುತ್ತಾನೆ. ತನ್ನಿಂದ ಏನೂ ಆಗಿಲ್ಲ, ಆದರೂ ತನ್ನ ಕೈಯಲ್ಲಿ ಎಲ್ಲವೂ ಇದೆ ಎಂದು ಬಲ್ಲವನಿಗೆ ಉಳಿಯುವುದು ಆ ಕೈಯಲ್ಲಿರುವುದನ್ನು ನೋಡುವುದೊಂದೇ. ಗುರುವಿನ ಎಚ್ಚರ, ನಮನ, ಮೌನಗಳೆಲ್ಲ ಹುಟ್ಟುವುದು ಈ ಅರಿವಿನಿಂದ.

ಅದು ಬಲಿಪೂಜೆಯ ಉದ್ದಕ್ಕೂ ಸಣ್ಣ ಸಣ್ಣ ಕ್ರಿಯೆಗಳಲ್ಲಿ ಹರಡಿಕೊಂಡಿರುತ್ತದೆ. ಪರಮಪ್ರಸಾದ ಸ್ವೀಕರಿಸುವ ಎಲ್ಲರಂತೆ ಗುರುಗಳೂ ಅದಕ್ಕೆ ಕನಿಷ್ಠ ಒಂದು ಗಂಟೆ ಮೊದಲಿನಿಂದ ನೀರು ಮತ್ತು ಔಷಧಿಯ ಹೊರತು ಏನನ್ನೂ ಸೇವಿಸುವಂತಿಲ್ಲ. ಗಂಭೀರ ಪಾಪದ ಅರಿವಿದ್ದರೆ ಮೊದಲು ಇನ್ನೊಬ್ಬ ಗುರುಗಳ ಬಳಿ ಪಾಪನಿವೇದನೆ ಮಾಡಬೇಕು. ಬಲಿಪೀಠಕ್ಕೆ ಬಂದೊಡನೆ ಬಾಗಿ ಅದನ್ನು ಮುತ್ತಿಡುತ್ತಾರೆ. ಕಾಣಿಕೆಯ ಹೊತ್ತಿನಲ್ಲಿ ದ್ರಾಕ್ಷಾರಸಕ್ಕೆ ಒಂದು ತೊಟ್ಟು ನೀರು ಬೆರೆಸುತ್ತ, ನಮ್ಮ ಮನುಷ್ಯತ್ವವನ್ನು ಹಂಚಿಕೊಂಡ ಕ್ರಿಸ್ತರ ದೈವತ್ವದಲ್ಲಿ ನಾವು ಪಾಲುಗೊಳ್ಳುವಂತಾಗಲಿ ಎಂದು ಮೆಲ್ಲಗೆ ಬೇಡುತ್ತಾರೆ. ಆ ತೊಟ್ಟು ರಸದಲ್ಲಿ ಕರಗಿದ ಮೇಲೆ ಬೇರ್ಪಡಿಸಲು ಬರುವುದಿಲ್ಲ. ಬಳಿಕ ಕೈತೊಳೆದುಕೊಳ್ಳುತ್ತ, ತಮ್ಮ ಪಾಪವನ್ನು ತೊಳೆಯಬೇಕೆಂಬ ಕೀರ್ತನೆಯ ಸಾಲನ್ನು ಹೇಳಿಕೊಳ್ಳುತ್ತಾರೆ. ಇವೆಲ್ಲ ಸಭೆಗೆ ಕೇಳಿಸದ ಪ್ರಾರ್ಥನೆಗಳು. ಸಾವಿರ ಜನರ ಮುಂದೆ ನಿಂತಿದ್ದರೂ ಗುರು ಒಬ್ಬ ಬಡ ಭಕ್ತನಾಗಿ ಬೇಡಿಕೊಳ್ಳಲು ಪೂಜಾವಿಧಿಯೇ ಜಾಗ ಮಾಡಿಕೊಟ್ಟಿದೆ.

ಪಾತ್ರೆ ಮತ್ತು ತಟ್ಟೆಯನ್ನು ಇಡುವುದಕ್ಕೆ ಬಲಿಪೀಠದ ಹಾಸಿನ ಮೇಲೆ ಇನ್ನೊಂದು ಚೌಕನೆಯ ಬಿಳಿ ಬಟ್ಟೆಯನ್ನು ಬಿಡಿಸುತ್ತಾರೆ. ಅದರ ಉದ್ದೇಶವೂ ಕಣಗಳಿಗೆ ಸಂಬಂಧಿಸಿದ್ದೇ: ರೊಟ್ಟಿಯ ಚೂರು ಉದುರಿದರೆ ಅದರ ಮೇಲೆ ಬೀಳಬೇಕು. ಆದ್ದರಿಂದಲೇ ಅದನ್ನು ಕೊಡವದೆ, ಒಳಮುಖವಾಗಿ ಮಡಚುತ್ತಾರೆ. ಹಳೆಯ ಲತೀನ್ ಪೂಜಾವಿಧಿಯಲ್ಲಿ ಗುರುಗಳು ರೊಟ್ಟಿಯ ಪವಿತ್ರೀಕರಣವಾದ ಗಳಿಗೆಯಿಂದ ಬೆರಳು ತೊಳೆದುಕೊಳ್ಳುವವರೆಗೆ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಸೇರಿಸಿಯೇ ಇಟ್ಟುಕೊಳ್ಳುತ್ತಿದ್ದರು. ಪುಟ ತಿರುವುವುದನ್ನೂ ಉಳಿದ ಬೆರಳುಗಳಿಂದಲೇ ಮಾಡುತ್ತಿದ್ದರು. 1969ರಲ್ಲಿ ಆರನೆಯ ಪೌಲ್ ಪೋಪರು ಪ್ರಕಟಿಸಿದ ಪರಿಷ್ಕೃತ ಪೂಜಾವಿಧಿ ಅದನ್ನು ಕಡ್ಡಾಯವಾಗಿ ಉಳಿಸಿಕೊಳ್ಳಲಿಲ್ಲ.

"ಇದು ನನ್ನ ಶರೀರ" ಎಂದ ಮೇಲೆ ಗುರುಗಳು ರೊಟ್ಟಿಯನ್ನು ಎತ್ತಿ ಜನರಿಗೆ ತೋರಿಸುತ್ತಾರೆ, ತಟ್ಟೆಯಲ್ಲಿಟ್ಟು ಬಲ ಮೊಣಕಾಲೂರಿ ನಮಿಸುತ್ತಾರೆ. ಪಾತ್ರೆಯನ್ನು ತೋರಿಸಿದ ಮೇಲೆ ಮತ್ತೊಮ್ಮೆ, ತಾವು ಸ್ವೀಕರಿಸುವ ಮೊದಲು ಇನ್ನೊಮ್ಮೆ, ಹೀಗೆ ಒಂದು ಬಲಿಪೂಜೆಯಲ್ಲಿ ಮೂರು ಸಲ ಈ ನಮನ ಕಡ್ಡಾಯ. ಎತ್ತಿ ತೋರಿಸುವ ರೂಢಿ ಹದಿಮೂರನೆಯ ಶತಮಾನದ ಆರಂಭದ ಹೊತ್ತಿಗೆ ಪ್ಯಾರಿಸ್ ಸುತ್ತಮುತ್ತ ಬೇರೂರಿ ಆಮೇಲೆ ಎಲ್ಲೆಡೆ ಹರಡಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಮದುವೆಯ, ಮೊದಲ ಪರಮಪ್ರಸಾದದ ಪೂಜೆಗಳಲ್ಲಿ ಸರಿಯಾಗಿ ಈ ಗಳಿಗೆಯಲ್ಲಿಯೇ ಛಾಯಾಗ್ರಾಹಕರು ಬಲಿಪೀಠದ ಮುಂದೆ ಓಡಾಡುವುದು ನಮ್ಮ ನಗರದಲ್ಲಿ ಮಾಮೂಲಾಗಿದೆ. ಪೂಜೆಗೆ ಮೊದಲೇ ಅವರಿಗೆ ಎರಡು ಮಾತು ತಿಳಿಸಿ ಹೇಳುವುದು ಕುಟುಂಬದವರ ಕರ್ತವ್ಯ. ಅವರಲ್ಲಿ ಬಹಳಷ್ಟು ಜನರಿಗೆ ಅಲ್ಲಿ ಏನು ನಡೆಯುತ್ತಿದೆ ಎಂಬುದೇ ತಿಳಿದಿರುವುದಿಲ್ಲ, ತಿಳಿಸಿದರೆ ಗೌರವದಿಂದ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.

ಮೊಣಕಾಲೂರುವ ನಮನ ಯುರೋಪಿನಿಂದ ಬಂದದ್ದು. ಭಾರತೀಯರ ದೇಹಕ್ಕೆ ಒಗ್ಗಿದ ನಮನ ಬೇರೆಯೇ ಇದೆಯಲ್ಲವೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬೆಂಗಳೂರಿನಲ್ಲಿಯೇ ನಡೆಯಿತು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಇಲ್ಲಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರ, ಅದರ ಸ್ಥಾಪಕ ನಿರ್ದೇಶಕರಾದ ಫಾದರ್ ಡಿ. ಎಸ್. ಅಮಲೋರ್ಪವದಾಸ್ ಅವರ ಮುಂದಾಳತ್ವದಲ್ಲಿ ಈ ದಿಕ್ಕಿನಲ್ಲಿ ದುಡಿಯಿತು. 1969ರಲ್ಲಿ ರೋಮ್ (ಪೋಪರ ಆಡಳಿತ) ಭಾರತಕ್ಕಾಗಿ ಹನ್ನೆರಡು ಅಂಶಗಳ ಹೊಂದಾಣಿಕೆಗೆ ಅನುಮತಿ ಕೊಟ್ಟಿತು. ಮೊಣಕಾಲೂರುವುದರ ಬದಲು ಕೈಮುಗಿದು ಆಳವಾಗಿ ಬಾಗಬಹುದು, ಪರಮಪ್ರಸಾದದ ಮಹಾಪ್ರಾರ್ಥನೆಯ ಕೊನೆಯಲ್ಲಿ ಪಂಚಾಂಗ ಪ್ರಣಾಮ ಮಾಡಬಹುದು, ಹೂವು, ಧೂಪ, ದೀಪಗಳಿಂದ ಆರತಿ ಎತ್ತಬಹುದು, ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆಯ ದೀಪ ಇಡಬಹುದು, ಪಾದರಕ್ಷೆ ಬಿಟ್ಟು ನೆಲದ ಮೇಲೆ ಕುಳಿತು ಪೂಜೆ ಸಲ್ಲಿಸಬಹುದು, ಮುತ್ತಿಡುವ ಬದಲು ವಸ್ತುವನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬಹುದು. ಇವುಗಳಲ್ಲಿ ಕೆಲವು ಮಾತ್ರ ಧರ್ಮಕೇಂದ್ರಗಳ (ಸ್ಥಳೀಯ ಚರ್ಚುಗಳ) ನಿತ್ಯದ ಬಲಿಪೂಜೆಯಲ್ಲಿ ನೆಲೆಯೂರಿವೆ, ಅದು ನನಗೆ ಬೇಸರದ ವಿಷಯ. ಹಣೆ ನೆಲಕ್ಕೆ ತಾಗುವಂತೆ ಬಾಗಿದ ಗುರುವನ್ನು ನೋಡಿದ ಕನ್ನಡಿಗನಿಗೆ, ಅವನು ಯಾವ ಮತದವನೇ ಆಗಿರಲಿ, ಬಲಿಪೀಠದ ಮೇಲೆ ದೇವರಿದ್ದಾರೆಂದು ಈ ಮನುಷ್ಯ ನಂಬಿದ್ದಾರೆ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಹೊಂದಾಣಿಕೆಗೆ ಜಾಗವಿಲ್ಲದ ಕಡೆಯೂ ಇದೆ. ರೊಟ್ಟಿ ಗೋಧಿಯದ್ದೇ ಆಗಿರಬೇಕು, ರಸ ದ್ರಾಕ್ಷಿಯದ್ದೇ ಆಗಿರಬೇಕು ಎಂದು 1983ರ ಸಭಾ ಕಾನೂನಿನ 924ನೆಯ ನಿಯಮ ಹೇಳುತ್ತದೆ. ಲತೀನ್ ವಿಧಿಯಲ್ಲಿ ರೊಟ್ಟಿಗೆ ಹುಳಿ ಸೇರಿಸುವಂತಿಲ್ಲ. ಹಾರೋಬೆಲೆಯಂಥ ಕಥೋಲಿಕ ಹಳ್ಳಿಗಳಿಂದ ಬಂದು ನಗರದಲ್ಲಿ ನೆಲೆಸಿದವರ ಮನೆಗಳಲ್ಲಿ ಇಂದಿಗೂ ಮುಖ್ಯ ಊಟ ರಾಗಿಮುದ್ದೆ. ಆದರೂ ರಾಗಿರೊಟ್ಟಿಯನ್ನಾಗಲಿ ಅಕ್ಕಿರೊಟ್ಟಿಯನ್ನಾಗಲಿ ಬಲಿಪೀಠದ ಮೇಲೆ ಇಡುವಂತಿಲ್ಲ. ಗೋಧಿಯಲ್ಲಿರುವ ಗ್ಲುಟನ್ ದೇಹಕ್ಕೆ ಒಗ್ಗದವರಿಗೆ ಅದರ ಅಂಶ ತೀರಾ ಕಡಿಮೆಯಿರುವ ರೊಟ್ಟಿಗೆ ಅನುಮತಿಯಿದೆ, ಪೂರ್ತಿ ತೆಗೆದುಹಾಕಿದ್ದಕ್ಕೆ ಇಲ್ಲ. ಯೇಸು ಯಾವುದನ್ನು ಕೈಗೆತ್ತಿಕೊಂಡರೋ ಅದನ್ನು ಬದಲಿಸುವ ಅಧಿಕಾರ ತನಗಿಲ್ಲವೆಂದು ಸಭೆ ಭಾವಿಸುತ್ತದೆ, ಗುರುವೂ ಅದನ್ನು ಮೀರುವಂತಿಲ್ಲ.

ಕಣಗಳ ವಿಷಯಕ್ಕೆ ಮರಳಿದರೆ, ಈ ಎಚ್ಚರ ಮಧ್ಯಯುಗದಲ್ಲಿ ಹುಟ್ಟಿದ್ದಲ್ಲ. ನಾಲ್ಕನೆಯ ಶತಮಾನದ ಜೆರುಸಲೇಮಿನಲ್ಲಿ, ಸಂತ ಸಿರಿಲರ ಹೆಸರಿನಲ್ಲಿ ಉಳಿದುಬಂದಿರುವ ಉಪದೇಶಗಳಲ್ಲಿ, ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಪರಮಪ್ರಸಾದ ಸ್ವೀಕರಿಸುವ ಬಗೆಯನ್ನು ಕಲಿಸಲಾಗಿದೆ: ಬರುತ್ತಿರುವವರು ರಾಜರು, ಆದ್ದರಿಂದ ಎಡಗೈಯನ್ನು ಬಲಗೈಗೆ ಸಿಂಹಾಸನವಾಗಿಸಬೇಕು, ಯಾರಾದರೂ ಬಂಗಾರದ ಪುಡಿಯನ್ನು ಕೊಟ್ಟರೆ ಎಷ್ಟು ಜೋಪಾನವಾಗಿ ಹಿಡಿದುಕೊಳ್ಳುತ್ತೀರಿ, ಹಾಗಿದ್ದಮೇಲೆ ಅದಕ್ಕಿಂತಲೂ ಅಮೂಲ್ಯವಾದ ಇದರ ಒಂದು ಚೂರೂ ಬೀಳದಂತೆ ಎಚ್ಚರ ವಹಿಸಬೇಡವೇ? ರೊಟ್ಟಿಯ ಹೊರಗುಣಗಳು ಉಳಿದಿರುವಷ್ಟು ಕಾಲ ಕ್ರಿಸ್ತರ ಸಾನ್ನಿಧ್ಯವೂ ಉಳಿದಿರುತ್ತದೆ, ಮುರಿದರೆ ಪ್ರತಿಯೊಂದು ತುಂಡಿನಲ್ಲೂ ಅವರು ಪೂರ್ಣವಾಗಿಯೇ ಇರುತ್ತಾರೆ ಎಂಬುದು ಬೋಧನೆ. ಹೀಗಿರುವಾಗ ಚೂರು ಚಿಕ್ಕದೆಂಬ ಕಾರಣಕ್ಕೆ ಕಡೆಗಣಿಸುವುದು ತರ್ಕಕ್ಕೇ ಹೊಂದುವುದಿಲ್ಲ. ಪರಮಪ್ರಸಾದ ನೆಲಕ್ಕೆ ಬಿದ್ದರೆ ಭಕ್ತಿಯಿಂದ ಎತ್ತಿಕೊಳ್ಳಬೇಕು. ಪವಿತ್ರ ರಕ್ತ ಚೆಲ್ಲಿದರೆ ಆ ಜಾಗವನ್ನು ನೀರಿನಿಂದ ತೊಳೆದು, ಆ ನೀರನ್ನು ಚರಂಡಿಗೆ ಸೇರದೆ ನೇರವಾಗಿ ಮಣ್ಣಿಗೆ ಇಳಿಯುವ ಪ್ರತ್ಯೇಕ ತೊಟ್ಟಿಗೆ ಸುರಿಯಬೇಕು. ಕೈಯಲ್ಲಿ ಸ್ವೀಕರಿಸಿದವರು ಅಲ್ಲಿಯೇ ನಿಂತು ಸೇವಿಸಬೇಕು. ಯಾರಾದರೂ ಸೇವಿಸದೆ ಜೇಬಿಗೋ ಪರ್ಸಿಗೋ ಹಾಕಿಕೊಂಡು ಹೊರಟರೆ ಗುರುಗಳು ಹಂಚುವುದನ್ನು ನಿಲ್ಲಿಸಿ ಅವರನ್ನು ಕರೆಯುವುದುಂಟು. ಅದನ್ನು ಸಿಟ್ಟೆಂದು ತಿಳಿಯಬಾರದು. ಪರಮಪ್ರಸಾದವನ್ನು ಎಸೆಯುವವರಿಗೆ, ದುರುದ್ದೇಶದಿಂದ ಒಯ್ಯುವವರಿಗೆ ಸಭೆಯಿಂದ ತಾನೇ ತಾನಾಗಿ ಬಹಿಷ್ಕಾರವಾಗುತ್ತದೆ, ಅದನ್ನು ತೆರವುಗೊಳಿಸುವ ಅಧಿಕಾರವನ್ನು ರೋಮ್ ತನಗೇ ಕಾದಿರಿಸಿಕೊಂಡಿದೆ.

ಉಳಿದ ಪರಮಪ್ರಸಾದವನ್ನು ಅಲುಗಾಡಿಸಲಾಗದ, ಒಳಗಿನದು ಕಾಣದ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪಕ್ಕದಲ್ಲಿ ಹಗಲೂ ರಾತ್ರಿ ಒಂದು ದೀಪ ಉರಿಯುತ್ತಿರಬೇಕು. ಬೀಗ ಹಾಕಬೇಕೆಂಬ ಆಜ್ಞೆ 1215ರ ಅದೇ ಲ್ಯಾಟರನ್ ಮಹಾಸಭೆಯದು. ಹೀಗೆ ಕಾದಿಡುವುದರ ಮೂಲ ಉದ್ದೇಶ ರೋಗಿಗಳು. ಎರಡನೆಯ ಶತಮಾನದ ಮಧ್ಯಭಾಗದಲ್ಲಿಯೇ ಸಂತ ಜಸ್ಟಿನರು, ಪೂಜೆಗೆ ಬರಲಾಗದವರಿಗೆ ಸೇವಕರು ಪರಮಪ್ರಸಾದವನ್ನು ಒಯ್ದು ಕೊಡುತ್ತಿದ್ದರೆಂದು ಬರೆದಿದ್ದಾರೆ.

ಬೆಂಗಳೂರಿನಲ್ಲಿ ತಿಂಗಳ ಮೊದಲ ಶುಕ್ರವಾರದ ಆಸುಪಾಸಿನಲ್ಲಿ ಗುರುಗಳು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವುದನ್ನು ನೋಡಬಹುದು. ಪಿಕ್ಸ್ ಎಂದು ಕರೆಯುವ ಪುಟ್ಟ ಲೋಹದ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಕೊರಳಿಗೆ ತೂಗುಹಾಕಿಕೊಂಡು, ಎದೆಗೆ ತಾಗಿದಂತೆ ಒಯ್ಯುತ್ತಾರೆ. ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡವರು ಪಕ್ಕದಲ್ಲಿ ಪರಿಚಿತರು ಕಂಡರೂ ತಲೆಯಾಡಿಸಿ ಸುಮ್ಮನಾಗುತ್ತಾರೆ, ದಾರಿಯಲ್ಲಿ ಬೇರೆ ಕೆಲಸಕ್ಕೆ ಇಳಿಯುವುದಿಲ್ಲ. ತಿಳಿದ ಮನೆಗಳಲ್ಲಿ ಅಷ್ಟರೊಳಗೆ ಟಿ.ವಿ. ಆರಿಸಿ, ಮಂಚದ ಪಕ್ಕದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆ, ಹಚ್ಚಿದ ಮೇಣದ ಬತ್ತಿ, ಒಂದು ಲೋಟ ನೀರು ಇಟ್ಟಿರುತ್ತಾರೆ. "ಸ್ವಾಮಿ, ಕಾಫಿ ಮಾಡ್ಲಾ?" ಎಂದು ಅಜ್ಜಿಯೊಬ್ಬರು ಕೇಳಿದರೆ, "ಆಮೇಲೆ ಕುಡಿಯೋಣಮ್ಮ, ಮೊದಲು ಪ್ರಾರ್ಥನೆ" ಎನ್ನುತ್ತಾರೆ. ರೋಗಿಗೆ ನುಂಗಲು ಕಷ್ಟವಾದರೆ ಅತಿ ಸಣ್ಣ ತುಂಡನ್ನು ಚಮಚದ ನೀರಿನೊಂದಿಗೆ ಕೊಡುತ್ತಾರೆ. ಕಾಯಿಲೆಯವರಿಗೂ, ಅವರ ಆರೈಕೆ ಮಾಡುವವರಿಗೂ ಒಂದು ಗಂಟೆಯ ಉಪವಾಸದ ನಿಯಮ ಅನ್ವಯಿಸುವುದಿಲ್ಲ. ಸಾವಿನ ಅಂಚಿನಲ್ಲಿರುವವರಿಗೆ ಕೊಡುವ ಪರಮಪ್ರಸಾದವನ್ನು ಸಭೆ ದಾರಿಬುತ್ತಿಯೆಂದು ಭಾವಿಸುತ್ತದೆ, ಅದಕ್ಕಾಗಿ ಗುರುವನ್ನು ಯಾವ ಹೊತ್ತಿನಲ್ಲಾದರೂ ಎಬ್ಬಿಸಬಹುದು.

ದೇವಸ್ಥಾನದ ಪ್ರಸಾದವನ್ನು ಬಂದವರಿಗೆಲ್ಲ ಹಂಚುವಂತೆ ಇದನ್ನೇಕೆ ಎಲ್ಲರಿಗೂ ಕೊಡುವುದಿಲ್ಲ ಎಂಬುದು ಅನ್ಯಮತೀಯ ಮಿತ್ರರು ಹೆಚ್ಚಾಗಿ ಕೇಳುವ ಪ್ರಶ್ನೆ. ಇದನ್ನು ಕೊಡುವಾಗ ಗುರುಗಳು "ಕ್ರಿಸ್ತರ ಶರೀರ" ಎನ್ನುತ್ತಾರೆ, ಸ್ವೀಕರಿಸುವವರು "ಆಮೆನ್" ಎನ್ನಬೇಕು. ಅದು ಮೇಲೆ ಹೇಳಿದ ಇಡೀ ನಂಬಿಕೆಗೆ, ಆ ನಂಬಿಕೆಯ ಸಮುದಾಯದಲ್ಲಿ ಬದುಕುವುದಕ್ಕೆ ಕೊಡುವ ಒಪ್ಪಿಗೆ. ನಂಬದವರ ಬಾಯಿಂದ ಆ ಮಾತನ್ನು ಆಡಿಸುವುದು ಅವರಿಗೂ ಅಗೌರವ. ಕಥೋಲಿಕರಲ್ಲಿಯೂ ಗಂಭೀರ ಪಾಪದ ಅರಿವಿರುವವರು ಪಾಪನಿವೇದನೆಯಿಲ್ಲದೆ ಮುಂದೆ ಬರುವಂತಿಲ್ಲ, ಆದ್ದರಿಂದ ಸಾಲಿಗೆ ಹೋಗದೆ ಕುಳಿತವರನ್ನು ಯಾರೂ ವಿಚಿತ್ರವಾಗಿ ನೋಡಬಾರದು. ಎದೆಯ ಮೇಲೆ ಕೈಕಟ್ಟಿಕೊಂಡು ಬಂದವರಿಗೆ ಅನೇಕ ಗುರುಗಳು ಆಶೀರ್ವಾದ ಮಾಡಿ ಕಳುಹಿಸುತ್ತಾರೆ.

ಪೂಜೆಯ ಹೊರಗೂ ಈ ಭಕ್ತಿ ಮುಂದುವರಿಯುತ್ತದೆ. ಕಿರಣಗಳ ಆಕಾರದ ಆರಾಧನಾ ಪಾತ್ರೆಯಲ್ಲಿ ಪರಮಪ್ರಸಾದವನ್ನು ಇಟ್ಟು ಜನರು ಮೌನವಾಗಿ ಕೂರುವ ಆರಾಧನೆ ನಗರದ ಅನೇಕ ದೇವಾಲಯಗಳಲ್ಲಿದೆ. ಆಶೀರ್ವದಿಸುವಾಗ ಗುರುಗಳು ಹೆಗಲ ಮೇಲಿನ ವಸ್ತ್ರದ ತುದಿಗಳಿಂದ ಕೈಗಳನ್ನು ಮುಚ್ಚಿಕೊಂಡೇ ಪಾತ್ರೆಯನ್ನು ಹಿಡಿಯುತ್ತಾರೆ, ಆ ಆಶೀರ್ವಾದ ತಮ್ಮದಲ್ಲವೆಂದು ತೋರಿಸಲು. ಪರಮಪ್ರಸಾದದ ಹಬ್ಬವನ್ನು ನಾಲ್ಕನೆಯ ಉರ್ಬಾನ್ ಪೋಪರು 1264ರಲ್ಲಿ ಇಡೀ ಸಭೆಗೆ ವಿಧಿಸಿದರು. ಅಂದಿನ ಮೆರವಣಿಗೆ ನಮ್ಮಲ್ಲಿಯೂ ನಡೆದುಬಂದಿದೆ. 1964ರಲ್ಲಿ ಮುಂಬಯಿಯಲ್ಲಿ ನಡೆದ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ ಆರನೆಯ ಪೌಲ್ ಪೋಪರು ಬಂದರು, ಭಾರತಕ್ಕೆ ಬಂದ ಮೊದಲ ಪೋಪ್ ಅವರೇ.

ಚಿನ್ನದ ಲೇಪದ ಪಾತ್ರೆ, ಕಸೂತಿಯ ವಸ್ತ್ರ, ಧೂಪ ಇವುಗಳಿಲ್ಲದಿದ್ದರೆ ಭಕ್ತಿ ಏನಾಗುತ್ತದೆ ಎಂದು ತಿಳಿಯಬೇಕಾದರೆ ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಝೇವಿಯರ್ ನ್ಗುಯೆನ್ ವಾನ್ ಥುವಾನರ ಬದುಕನ್ನು ನೋಡಬೇಕು. 1975ರಲ್ಲಿ ಬಂಧಿತರಾದ ಅವರು ಹದಿಮೂರು ವರ್ಷ ಸೆರೆಯಲ್ಲಿದ್ದರು, ಅದರಲ್ಲಿ ಒಂಬತ್ತು ವರ್ಷ ಏಕಾಂತವಾಸ. ಹೊಟ್ಟೆನೋವಿನ ಔಷಧವೆಂದು ಚೀಟಿ ಅಂಟಿಸಿದ ಪುಟ್ಟ ಶೀಶೆಯಲ್ಲಿ ಅವರಿಗೆ ದ್ರಾಕ್ಷಾರಸ ಬಂತು. ಅಂಗೈಯಲ್ಲಿ ಮೂರು ತೊಟ್ಟು ರಸ, ಒಂದು ತೊಟ್ಟು ನೀರು ಹಾಕಿಕೊಂಡು ಅವರು ಬಲಿಪೂಜೆ ಅರ್ಪಿಸಿದರು. ಶಿಬಿರದಲ್ಲಿದ್ದ ಕಥೋಲಿಕ ಕೈದಿಗಳು ಸಿಗರೇಟು ಪೊಟ್ಟಣದ ಕಾಗದದಿಂದ ಚಿಕ್ಕ ಚೀಲಗಳನ್ನು ಮಾಡಿ ಪರಮಪ್ರಸಾದವನ್ನು ಅದರಲ್ಲಿ ಇಟ್ಟುಕೊಳ್ಳುತ್ತಿದ್ದರು. ಕಸೂತಿಯ ಬೆಲೆಯಿಂದ ಭಕ್ತಿಯನ್ನು ಅಳೆಯುವವರಿಗೂ, ಪಾತ್ರೆ ಒರೆಸುವುದು ಬರಿಯ ಆಚಾರವೆಂದು ತಳ್ಳಿಹಾಕುವವರಿಗೂ ಅವರ ಅಂಗೈ ಸಾಕಷ್ಟು ಉತ್ತರ.

ಸಂತ ಜಾನ್ ಕ್ರಿಸೊಸ್ತೋಮರು ಮತ್ತಾಯನ ಶುಭಸಂದೇಶದ ಮೇಲೆ ಮಾಡಿದ ಪ್ರವಚನವೊಂದರಲ್ಲಿ ಈ ಭಕ್ತಿಗೆ ಇನ್ನೊಂದು ಮಗ್ಗುಲಿದೆಯೆಂದು ನೆನಪಿಸುತ್ತಾರೆ. ಕ್ರಿಸ್ತರ ಶರೀರವನ್ನು ಗೌರವಿಸಬೇಕೆಂದಿದ್ದರೆ ಅವರು ಬೆತ್ತಲೆಯಾಗಿರುವಾಗ ಕಡೆಗಣಿಸಬೇಡಿ ಎಂಬುದು ಅವರ ಮಾತು; ಹೊರಗೆ ಚಳಿಯಲ್ಲಿ ನಡುಗುವವರನ್ನು ಬಿಟ್ಟು ಒಳಗೆ ರೇಷ್ಮೆಯಿಂದ ಸಿಂಗರಿಸಬೇಡಿ. "ಇದು ನನ್ನ ಶರೀರ" ಎಂದವರೇ, ನಾನು ಹಸಿದಿದ್ದೆ, ನೀವು ಉಣಲು ಕೊಡಲಿಲ್ಲ ಎಂದೂ ಹೇಳಿದ್ದಾರೆ ಎನ್ನುವುದು ಅವರ ತರ್ಕ. ಪಾತ್ರೆಯಂಚಿನ ಕಣವನ್ನು ಕಾಣುವ ಗುರುವಿಗೆ ಗೇಟಿನ ಬಳಿ ಕುಳಿತವರು ಕಾಣಲೇಬೇಕು, ಇಲ್ಲದಿದ್ದರೆ ಆ ಎಚ್ಚರದಲ್ಲಿ ಏನೋ ತಪ್ಪಿದೆ.

ಇಷ್ಟೆಲ್ಲ ಇದ್ದೂ ಗುರುವಿನ ನಿಜವಾದ ಕಷ್ಟ ರೂಢಿ. ಸಾಮಾನ್ಯವಾಗಿ ದಿನಕ್ಕೆ ಒಂದೇ ಬಲಿಪೂಜೆ ಅರ್ಪಿಸಬೇಕೆಂಬ ನಿಯಮವಿದೆ. ಗುರುಗಳ ಕೊರತೆಯಿದ್ದಲ್ಲಿ ಎರಡು, ಭಾನುವಾರಗಳಂದು ಅಗತ್ಯಬಿದ್ದರೆ ಮೂರರವರೆಗೆ ಧರ್ಮಾಧ್ಯಕ್ಷರು ಅನುಮತಿಸಬಹುದು. ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ ಎಂದು ಭಾಷೆಗೊಂದು ಪೂಜೆಯಿರುವ ನಮ್ಮ ಧರ್ಮಕೇಂದ್ರಗಳಲ್ಲಿ ಭಾನುವಾರ ಬೆಳಿಗ್ಗೆ ಒಬ್ಬರೇ ಗುರುಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾರುತ್ತ ಅದೇ ಮಾತುಗಳನ್ನು ಹೇಳಬೇಕಾಗುತ್ತದೆ. ಮನಸ್ಸು ಒಣಗಿದ ದಿನಗಳು ಬಂದೇ ಬರುತ್ತವೆ. ಅಂಥ ದಿನಗಳಲ್ಲಿ ಮೂರು ನಮನಗಳೂ, ಕೇಳಿಸದ ಪ್ರಾರ್ಥನೆಗಳೂ, ಪಾತ್ರೆ ತೊಳೆಯುವ ವಿಧಿಯೂ ಗುರುವನ್ನು ಹಿಡಿದು ನಿಲ್ಲಿಸುತ್ತವೆ. ಹೃದಯ ಹಿಂದೆ ಬಿದ್ದರೂ ಮೊಣಕಾಲು ನಂಬಿಕೆಯನ್ನು ಒಪ್ಪಿಕೊಂಡಿರುತ್ತದೆ. ಸಭಾ ಕಾನೂನಿನ 909ನೆಯ ನಿಯಮ ಗುರುವಿಗೆ ಪೂಜೆಯ ಮೊದಲು ಪ್ರಾರ್ಥನೆಯಿಂದ ಸಿದ್ಧನಾಗಲು, ಪೂಜೆಯ ನಂತರ ದೇವರಿಗೆ ಕೃತಜ್ಞತೆ ಸಲ್ಲಿಸಲು ಮರೆಯಬಾರದೆಂದು ಹೇಳುತ್ತದೆ. ಪೂಜೆ ಮುಗಿದೊಡನೆ ದೀಕ್ಷಾಸ್ನಾನದ ಪತ್ರಕ್ಕೆ ಸಹಿ, ಹೊಸ ಕಾರಿಗೆ ಆಶೀರ್ವಾದ, ಮದುವೆಯ ದಿನಾಂಕ ಎಂದು ಬಾಗಿಲಲ್ಲಿ ಸಾಲು ನಿಂತಿರುತ್ತದೆ, ಫಾದರ್ ಇನ್ನೂ ಯಾಕೆ ಹೊರಗೆ ಬರಲಿಲ್ಲವೆಂದು ಗೊಣಗಾಟವೂ ಕೇಳಿಸುತ್ತದೆ. ಅವರು ಒಳಗೆ ಕುಳಿತು ಮಾಡುತ್ತಿರುವುದು ಬಲಿಪೂಜೆಗೇ ಸೇರಿದ ಕೆಲಸ. ಆ ಹತ್ತು ನಿಮಿಷವನ್ನು ಅವರಿಗೆ ಬಿಟ್ಟುಕೊಡಬೇಕಾದವರು ನಾವು.